ಅರಿಗರ ಪಿಕಪ್ಪಿಗೆ ಆಯಿಲ್ ಬ್ರೇಕ್ ಹಾಕಿದ್ದು

ಕಳೆದ ವರ್ಷ ಕಲ್ಲಡ್ಕದ ಒಂದು ಗ್ಯಾರೇಜಿನವರು ನನ್ನನ್ನು ಕರೆಸಿಕೊಂಡಿದ್ದರು. ಯಾರೋ ಶೋಕಿಯವರು ಹಳೆಯ ಪಿಕಪ್ ಒಂದನ್ನು ಎಲ್ಲಿಂದಲೋ ತಂದು, ಬಣ್ಣ ಹೊಡೆಸಿ, ಅದರ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಹಾಕಿಸುತ್ತಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಬಗ್ಗಿ ನೋಡಿದೆ, ಪೈಪು ಮುಟ್ಟಿ ನೋಡಿದೆ, ತಲೆಯಾಡಿಸಿದೆ. ಅಲ್ಲಿನ ಮೆಕ್ಯಾನಿಕ್ ಕೇಳಿದ, "ಅಜ್ಜ, ನಿಮ್ಮ ಕಾಲದಲ್ಲಿ ಹೀಗೆ ಒಂದು ಬ್ರೇಕ್ ತೆಗೆದು ಇನ್ನೊಂದು ಹಾಕಿದ್ದುಂಟಾ?"

"ಉಂಟು ಮಾರಾಯ."

"ಹೇಗೆ ಮಾಡಿದ್ದು, ಸ್ವಲ್ಪ ಹೇಳಿ."

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸು ಹತ್ತು ನಿಮಿಷಕ್ಕೊಂದು ಇತ್ತು.

ಅವನಿಗೆ ಹೇಳದೆ ಬಂದದ್ದನ್ನು ಈಗ ಬರೆಯುತ್ತೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಓದಲಿ. ನಾನು ಫೋರ್‌ಮನ್ ಆದದ್ದು, ಬಸ್ಸು ಕಂಪೆನಿಯವರು ಹಾರ ಹಾಕಿದ್ದು, ಅದನ್ನೆಲ್ಲ ಬಿಡುವ. ಹಾರ ಹಾಕಿಸಿಕೊಂಡ ಕುತ್ತಿಗೆಯನ್ನು ತಗ್ಗಿಸಿಯೇ ಇದನ್ನು ಬರೆಯಬೇಕಾಗಿದೆ.

ನಾನು ಕೆಲಸ ಕಲಿತದ್ದು ಬಂಟ್ವಾಳದಲ್ಲಿ, ಲಿಗೋರಿ ಪೊರ್ಬುಗಳ ವರ್ಕ್‌ಶಾಪಿನಲ್ಲಿ. ನಮ್ಮ ಕಡೆ ಕ್ರಿಶ್ಚನ್ನರನ್ನು ಗೌರವದಿಂದ ಪೊರ್ಬುಗಳೇ ಎಂದು ಕರೆಯುವುದು. ಅವರು ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ಬಂದವರು. ಮಾತು ಕಡಿಮೆ, ಕಣ್ಣು ಚುರುಕು. ಬೈಯುವಾಗ ಕೊಂಕಣಿ, ಕೆಲಸ ಹೇಳುವಾಗ ತುಳು, ಗಿರಾಕಿಗಳ ಹತ್ತಿರ ಕನ್ನಡ. ನಾನು ಅವರ ಕೈಕೆಳಗೆ ಎಂಟು ವರ್ಷ ಕಳೆದ ಮೇಲೆ ಜನ ನನ್ನನ್ನು ವಾಸು ಮೇಸ್ತ್ರಿ ಎನ್ನತೊಡಗಿದ್ದರು. ಆ 'ಮೇಸ್ತ್ರಿ' ಎಂಬ ಮಾತು ನನ್ನ ತಲೆಗೆ ಏರಿತ್ತು.

ಆಗಿನ ಹಳೆ ಗಾಡಿಗಳಿಗೆಲ್ಲ ರಾಡ್ ಬ್ರೇಕ್. ಪೆಡಲಿನಿಂದ ನಾಲ್ಕು ಚಕ್ರಕ್ಕೆ ನಾಲ್ಕು ಕಬ್ಬಿಣದ ಸರಳು. ಪೆಡಲ್ ತುಳಿದರೆ ಸರಳು ಎಳೆದು ಚಕ್ರದ ಡ್ರಮ್ಮಿನೊಳಗಿನ ಶೂ ಎಂಬ ಬಾಗಿದ ಪಟ್ಟಿಗಳು ಅಗಲವಾಗಿ ಚಕ್ರ ನಿಲ್ಲಬೇಕು. ನಾಲ್ಕು ಸರಳೂ ಒಂದೇ ಸಮ ಎಳೆದರೆ ಸರಿ. ಒಂದು ಸಡಿಲಾದರೆ ಗಾಡಿ ಎಡಕ್ಕೋ ಬಲಕ್ಕೋ ಎಳೆದುಕೊಂಡು ಹೋಗಿ ಯಾರದೋ ಬೇಲಿ ಮುರಿಯುತ್ತಿತ್ತು. ಸಮ ಮಾಡಿದ ಮೇಲೆ ಪೊರ್ಬುಗಳು ಗಾಡಿಯನ್ನು ನದಿ ಬದಿಯ ಮರಳು ದಾರಿಗೆ ಒಯ್ದು ಗಕ್ಕನೆ ಬ್ರೇಕ್ ಹಾಕುತ್ತಿದ್ದರು. ಆಮೇಲೆ ಇಳಿದು, ಮರಳಿನಲ್ಲಿ ನಾಲ್ಕು ಚಕ್ರ ಎಳೆದ ಗೆರೆಗಳನ್ನು ಹೆಜ್ಜೆ ಹಾಕಿ ಅಳೆಯುವುದು. ಒಂದು ಗೆರೆ ಗಿಡ್ಡ ಬಂದರೆ ಮತ್ತೆ ಮೊದಲಿನಿಂದ. ಊಟದ ಹೊತ್ತು ದಾಟಿದರೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಆಯಿಲ್ ಬ್ರೇಕಿನ ಕಾರುಗಳು ಬರತೊಡಗಿದವು. ಸರಳಿನ ಬದಲು ತೆಳ್ಳಗಿನ ಪೈಪು, ಪೈಪಿನೊಳಗೆ ಎಣ್ಣೆ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಪಂಪು ಎಣ್ಣೆಯನ್ನು ನಾಲ್ಕು ಚಕ್ರಕ್ಕೂ ಒಂದೇ ಸಮ ನೂಕುತ್ತದೆ. ಆ ಪಂಪಿನ ಜೀವ ಇರುವುದು ಅದರೊಳಗಿನ ರಬ್ಬರ್ ಕಪ್ಪಿನಲ್ಲಿ. ಹೆಬ್ಬೆರಳಿಗೆ ತೊಡಿಸುವಷ್ಟು ಸಣ್ಣ ಟೊಪ್ಪಿ ಅದು. ಅದು ಸರಿ ಇದ್ದರೆ ಬ್ರೇಕ್ ಉಂಟು, ಇಲ್ಲದಿದ್ದರೆ ಇಲ್ಲ.

ಬೆಳ್ತಂಗಡಿಯ ಒಬ್ಬ ಜವಳಿ ವ್ಯಾಪಾರಿ ಹೀಗೊಂದು ಕಾರು ತಂದಿದ್ದರು. ಬ್ರೇಕ್ ಆಯಿಲ್ ಕಡಿಮೆಯಾಯಿತೆಂದು ಯಾರ ಬುದ್ಧಿ ಕೇಳಿದರೋ, ಮನೆಯ ತೆಂಗಿನೆಣ್ಣೆ ಹೊಯ್ದುಬಿಟ್ಟರು. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಸರಿ. ಚಳಿಗಾಲದ ಒಂದು ಬೆಳಗ್ಗೆ ಘಟ್ಟದ ಬುಡದಲ್ಲಿ ಎಣ್ಣೆ ಹೆಪ್ಪುಗಟ್ಟಿ ಪೆಡಲ್ ಕಲ್ಲಾಯಿತು. ಪುಣ್ಯಕ್ಕೆ ಕಾರು ಹೊರಟಿರಲಿಲ್ಲ. ರಿಪೇರಿಗೆ ಹೋದವನು ನಾನೇ. ಪೈಪ್ ಬಿಚ್ಚಿದರೆ ಬೆಣ್ಣೆಯ ಹಾಗೆ ಬಿಳಿ ಬಿಳಿ ಬಂತು. "ಸ್ವಲ್ಪ ಒಗ್ಗರಣೆಯೂ ಕೊಡಬಹುದಿತ್ತು" ಎಂದು ಅವರ ಎದುರೇ ನಕ್ಕೆ. ಅಷ್ಟಕ್ಕೇ ಬಿಡದೆ ಬಂಟ್ವಾಳದ ಹೋಟೆಲು ಹೋಟೆಲಿನಲ್ಲಿ ಈ ಕತೆ ಹೇಳಿ ಜನರನ್ನು ನಗಿಸಿದೆ. ಅವರು ಆಮೇಲೆ ನನ್ನ ಹತ್ತಿರ ಮಾತು ಬಿಟ್ಟರು. ಆಗ ನನಗೆ ಅದೂ ತಮಾಷೆಯೇ.

ನಾರಾವಿ ಕಡೆಯ ಜೈನ ಜಮೀನ್ದಾರರು ನೇಮಿರಾಜ ಅರಿಗರು. ಯುದ್ಧಕ್ಕೆ ಮುಂಚಿನ ಒಂದು ಅಮೆರಿಕನ್ ಪಿಕಪ್ ಅವರ ಮನೆಯಲ್ಲಿತ್ತು. ಅದರ ಡ್ರೈವರ್ ಐತಪ್ಪ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಅವನು ಬೆಳಗ್ಗೆ ಗಾಡಿ ಹತ್ತುವ ಮುಂಚೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬ್ರೇಕೂ ಕ್ಲಚ್ಚೂ ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲೇ ತುಳಿಯುವುದು. "ಚಪ್ಪಲಿ ಹಾಕಿದರೆ ಗಾಡಿ ಎಂತ ಹೇಳ್ತದೆ ಅಂತ ಕಾಲಿಗೆ ಗೊತ್ತಾಗುದಿಲ್ಲ ಮೇಸ್ತ್ರಿಗಳೇ" ಎನ್ನುತ್ತಿದ್ದ. ನಾರಾವಿಯ ಇಳಿಜಾರುಗಳಲ್ಲಿ ಆ ರಾಡ್ ಬ್ರೇಕಿನ ಗಾಡಿಯನ್ನು ಆರು ವರ್ಷ ಓಡಿಸಿ, ಒಂದು ಕೋಳಿಯನ್ನೂ ಕೊಂದವನಲ್ಲ.

ಅರಿಗರಿಗೆ ಆಯಿಲ್ ಬ್ರೇಕ್ ಬೇಕೆಂಬ ಆಸೆ ಹುಟ್ಟಿತು. ಮೂಡುಬಿದಿರೆಯ ಒಂದು ಅಕ್ಕಿ ಮಿಲ್ಲಿನ ಹಿತ್ತಿಲಲ್ಲಿ ಮಿಲಿಟರಿಯವರು ಮಾರಿದ ಹಳೆ ಲಾರಿಯೊಂದು ತುಕ್ಕು ಹಿಡಿದು ಬಿದ್ದಿತ್ತು. ಪೊರ್ಬುಗಳು ಅದರ ಡ್ರಮ್ಮು, ಶೂ, ಸಿಲಿಂಡರುಗಳನ್ನು ಬಿಚ್ಚಿ ತಂದರು. ಅದನ್ನು ಈ ಪಿಕಪ್ಪಿಗೆ ಹೊಂದಿಸುವುದು ಸುಲಭದ ಮಾತಲ್ಲ. ಬೇರೆ ಮನೆಯ ಬಾಗಿಲು ತಂದು ನಮ್ಮ ದಾರಂದಕ್ಕೆ ಕೂರಿಸಿದ ಹಾಗೆ. ತೂತು ಹೊಸದಾಗಿ ಕೊರೆದು, ಪೆಡಲಿಗೆ ಬೇರೆ ಕೊಂಡಿ ಬೆಸೆದು, ಪೈಪುಗಳನ್ನು ಕೈಯಲ್ಲೇ ಬಗ್ಗಿಸಿ, ಹದಿನೈದು ದಿನ ದುಡಿದೆವು. ಹೊಸ ರಬ್ಬರ್ ಕಪ್ಪುಗಳು ಮಂಗಳೂರಿನಿಂದ ಬಂದವು. ಇನ್ನೇನು ಜೋಡಿಸಿ ಎಣ್ಣೆ ತುಂಬಬೇಕು ಎನ್ನುವಾಗ ಪೊರ್ಬುಗಳ ತಂಗಿಯ ಮಗಳ ಮದುವೆ. ಮೂರು ದಿನಕ್ಕೆ ಹೊರಟರು.

ಹೊರಡುವಾಗ ನನ್ನನ್ನು ಕರೆದು ಹೇಳಿದರು. "ವಾಸು, ಕಬ್ಬಿಣದ ಸಾಮಾನು ಸೀಮೆಎಣ್ಣೆಯಲ್ಲಿ ತೊಳಿ, ಆಮೇಲೆ ಚೆನ್ನಾಗಿ ಒಣಗಿಸು. ರಬ್ಬರಿಗೆ ಮಾತ್ರ ಸೀಮೆಎಣ್ಣೆ, ಪೆಟ್ರೋಲು ಎಂತದೂ ತೋರಿಸ್ಲಿಕ್ಕಿಲ್ಲ. ಸ್ಪಿರಿಟಿನಲ್ಲೇ ತೊಳೀಬೇಕು. ಗೊತ್ತಾಯ್ತಾ?"

"ಎಂಟು ವರ್ಷದಿಂದ ಇದ್ದೇನಲ್ಲ ಪೊರ್ಬುಗಳೇ, ಅಷ್ಟೂ ಗೊತ್ತಿಲ್ವಾ?" ಎಂದೆ.

ಸ್ಪಿರಿಟಿನ ಕತೆ ಈಗಿನವರಿಗೆ ಹೇಳಬೇಕು. ಆಗ, ಐವತ್ತರ ದಶಕದಲ್ಲಿ, ನಮ್ಮ ಜಿಲ್ಲೆಯಲ್ಲಿ ಪಾನನಿರೋಧ. ಕಳ್ಳು, ಸಾರಾಯಿ ಯಾವುದೂ ಇಲ್ಲ. ಹಾಗಾಗಿ ಪಾಲಿಶ್ ಹಾಕುವ ಸ್ಪಿರಿಟನ್ನೇ ನೀರು ಬೆರೆಸಿ ಕುಡಿಯುವವರಿದ್ದರು. ಅದನ್ನು ತರಲು ಪರ್ಮಿಟ್ಟು ಬೇಕು. ತಂದದ್ದನ್ನು ಬೀಗ ಹಾಕಿ ಇಡಬೇಕು. ನಮ್ಮ ಬಾಟ್ಲಿ ಪೊರ್ಬುಗಳ ಮನೆಯ ಕಪಾಟಿನಲ್ಲಿ, ಬೀಗದ ಕೈ ಅವರ ಹೆಂಡತಿ ಬಾಯಮ್ಮನ ಸೊಂಟದಲ್ಲಿ. ಕಪ್ಪು ತೊಳೆಯಬೇಕಾದರೆ ನಾನು ಹೋಗಿ "ಬಾಯಮ್ಮ, ಸ್ವಲ್ಪ ಸ್ಪಿರಿಟ್ ಕೊಡಿ" ಎಂದು ಅಂಗಳದಲ್ಲಿ ನಿಲ್ಲಬೇಕು. ಅವರು ನನ್ನ ಮುಖ ನೋಡಿ, ಮೂಗಿನಲ್ಲೇ ಅಳೆದು, ಔನ್ಸು ಗ್ಲಾಸಿನಲ್ಲಿ ಹೊಯ್ದು ಕೊಡಬೇಕು. ಒಮ್ಮೆ ಹಾಗೆ ಕೇಳಿದಾಗ, "ಕಳೆದ ವಾರ ಕೊಟ್ಟದ್ದು ಎಲ್ಲಿ ಹೋಯ್ತು?" ಎಂದು ಬಾವಿಕಟ್ಟೆಯಲ್ಲಿದ್ದ ಹೆಂಗಸರ ಎದುರು ಕೇಳಿಬಿಟ್ಟಿದ್ದರು. ಕುಡುಕನ ಹಾಗೆ ಹೋಗಿ ಬೇಡಲು ವಾಸು ಮೇಸ್ತ್ರಿಗೆ ಏನು ಗ್ರಹಚಾರ ಎಂದು ನನ್ನೊಳಗೇ ಹೇಳಿಕೊಂಡೆ.

ಪೊರ್ಬುಗಳು ಹೊರಟ ಮರುದಿನ ಮೇಜಿನ ಮೇಲಿದ್ದ ಮಾಸ್ಟರ್ ಸಿಲಿಂಡರಿನ ಕಪ್ಪು ಕೈತಪ್ಪಿ ಕೆಂಪು ಮಣ್ಣಿನಲ್ಲಿ ಬಿತ್ತು. ಹೆಕ್ಕಿದೆ. ಬಾಯಮ್ಮ ಮನೆಯಲ್ಲೇ ಇದ್ದರು, ಆದರೆ ಸೀಮೆಎಣ್ಣೆಯ ಡಬ್ಬಿ ಪಕ್ಕದಲ್ಲೇ ಇತ್ತು. ಪೊರ್ಬುಗಳ ಮಾತು ನೆನಪಿತ್ತೋ ಎಂದು ಕೇಳಿದರೆ, ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ಈ ಕಾಗದಕ್ಕೂ ಸುಳ್ಳು ಹೇಳಿದ ಹಾಗಾಗುತ್ತದೆ. ಒಂದು ಸಲ ಅದ್ದಿದರೆ ಎಂತ ಆಗ್ತದೆ ಎಂದು ಡಬ್ಬಿಗೆ ಹಾಕಿ, ಊಟಕ್ಕೆ ಹೋದೆ. ಊಟ ಮುಗಿಸಿ ಎಲೆಯಡಿಕೆ ಹಾಕಿ, ಒಂದಷ್ಟು ಪಟ್ಟಾಂಗ ಹೊಡೆದು ಬಂದಾಗ ಎರಡು ತಾಸು ಕಳೆದಿತ್ತು. ರಬ್ಬರು ಕರ್ರಗೆ ಮಿನುಗುತ್ತಿತ್ತು. ಸಿಲಿಂಡರಿಗೆ ತೂರಿಸುವಾಗ ಬಿಗಿಯಾಗಿ ಕೂತಿತು. ಎಷ್ಟು ಚಂದ ಕೂತಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದು ರಬ್ಬರು ಉಬ್ಬಿದ ಬಿಗಿ ಎಂದು ಹೊಳೆಯಲಿಲ್ಲ. ಪೈಪುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸದೆ ಹಾಕಿದೆ.

ಎಣ್ಣೆ ತುಂಬಿದ ಮೇಲೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬ ಚಕ್ರದ ಹಿಂದೆ ಮಲಗಿ ತಿರುಪು ಸಡಿಲಿಸಿ ಗಾಳಿ ಬಿಡುವುದು. ಐತಪ್ಪನನ್ನು ಕೂರಿಸಿಕೊಂಡು "ಒತ್ತು... ಹಿಡಿ... ಬಿಡು" ಎನ್ನುತ್ತಾ ಮುಗಿಸಿದೆ. ಪೊರ್ಬುಗಳು ಬರುವ ಮೊದಲೇ ಗಾಡಿ ಕೊಟ್ಟುಬಿಟ್ಟೆ. ಮರಳು ದಾರಿಯಲ್ಲಿ ನಾಲ್ಕು ಗೆರೆಯೂ ಸಮ ಬಂದಿತ್ತು. ಐತಪ್ಪನಿಗೆ ಸಂತೋಷವೇ ಸಂತೋಷ. "ಬೆರಳಿನಲ್ಲಿ ಒತ್ತಿದರೂ ನಿಲ್ತದೆ ಮೇಸ್ತ್ರಿಗಳೇ!" ಎಂದ.

ಐದನೆಯ ದಿನ ಅವನು ವಾಪಸ್ ಬಂದ. "ಹಿಡಿದ ಬ್ರೇಕ್ ಬಿಡುದಿಲ್ಲ. ಡ್ರಮ್ ಮುಟ್ಟಿದರೆ ಕೈ ಸುಡ್ತದೆ. ಒಮ್ಮೆ ಬಿಚ್ಚಿ ನೋಡುವ."

ಪೊರ್ಬುಗಳು ಮದುವೆಯಿಂದ ಜ್ವರ ಹಿಡಿದುಕೊಂಡು ಬಂದು ಮಲಗಿದ್ದರು. ಹೊರಗೆ ನಾಲ್ಕು ಜನ ಗಿರಾಕಿಗಳಿದ್ದರು. ನಾನು ಕೂತಲ್ಲಿಂದಲೇ ಹೇಳಿದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕಾಲು ಯಾವಾಗಲೂ ಪೆಡಲಿನ ಮೇಲೆಯೇ ಇರ್ತದೆ ಮಾರಾಯ. ಇದು ರಾಡ್ ಬ್ರೇಕಲ್ಲ, ಕಾಲು ತೆಗೆದು ಓಡಿಸು."

ಜನ ನಕ್ಕರು. ಅವನೂ ನಕ್ಕ, ಆದರೆ ಹೋಗಲಿಲ್ಲ. "ಇಲ್ಲ ಮೇಸ್ತ್ರಿಗಳೇ, ನನ್ನ ಕಾಲು ನನಗೆ ಗೊತ್ತುಂಟು" ಎಂದ. ಅವನನ್ನು ಸಾಗಹಾಕಲು ನಾಲ್ಕು ಚಕ್ರದ ಶೂಗಳನ್ನೂ ಎರಡೆರಡು ಹಲ್ಲು ಹಿಂದಕ್ಕೆ ಸಡಿಲಿಸಿ ಕಳಿಸಿದೆ. ಬಿಸಿ ಕಡಿಮೆಯಾಯಿತು. ಆದರೆ ಪೆಡಲು ಆಳಕ್ಕೆ ಇಳಿಯುವ ಹಾಗೆ ನಾನೇ ಮಾಡಿಕೊಟ್ಟಿದ್ದೆ.

ಮತ್ತೆ ಮೂರು ದಿನ ಕಳೆದು ಐತಪ್ಪ ಫರಂಗಿಪೇಟೆಯಿಂದ ಹಂಚು ಹೇರಿಕೊಂಡು ನಾರಾವಿಗೆ ಹೊರಟ. ಪಕ್ಕದಲ್ಲಿ ಅರಿಗರ ಸೋದರಮಾವ ಕೂತಿದ್ದರು. ಊರು ಇನ್ನೇನು ಎರಡು ಮೈಲಿ ಎನ್ನುವಾಗ ಒಂದು ಉದ್ದದ ಇಳಿಜಾರು ಸಿಗುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಹಲಗೆಗೆ ತಾಗಿತು, ಗಾಡಿ ನಿಲ್ಲಲಿಲ್ಲ. ಕೆಳಗೆ ತಿರುವು, ತಿರುವಿನಾಚೆ ತೋಡು, ಆಳದ ಹಳ್ಳ. ಅವನು ಗೇರು ಇಳಿಸಿ, ಗಾಡಿಯನ್ನು ಬಲಕ್ಕೆ ಎಳೆದು ರಸ್ತೆ ಬದಿಯ ಮುರಕಲ್ಲಿನ ದರೆಗೆ ಉಜ್ಜಿಸಿ ನಿಲ್ಲಿಸಿದ. ಹಂಚು ಪುಡಿಯಾಯಿತು. ಅವನ ಹಣೆ ಒಡೆಯಿತು. ಸೋದರಮಾವನ ತೊಡೆ ಮುರಿಯಿತು. ಅವರು ಆಮೇಲೆ ಬದುಕಿದಷ್ಟು ಕಾಲವೂ ಕೋಲು ಹಿಡಿದೇ ನಡೆದರು. ತೋಡಿಗೆ ಬೀಳದಂತೆ ಇಬ್ಬರ ಜೀವ ಉಳಿಸಿದ್ದು ಐತಪ್ಪ.

ಸುದ್ದಿ ಬಂದಾಗಲೂ ಪೊರ್ಬುಗಳು ಜ್ವರದಲ್ಲೇ ಮಲಗಿದ್ದರು. ನಾನೊಬ್ಬನೇ ಹೋದೆ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುತ್ತಾರಲ್ಲ, ಹೊರಡುವಾಗಲೇ ಒಂದು ಹೊಸ ಕಪ್ಪನ್ನು ಚೀಲಕ್ಕೆ ಹಾಕಿಕೊಂಡಿದ್ದೆ.

ಗಾಡಿಯನ್ನು ಎತ್ತಿನಿಂದ ಎಳೆಸಿ ಅರಿಗರ ಅಂಗಳದಲ್ಲಿ ನಿಲ್ಲಿಸಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಒಳಗೆ ಹೋದಾಗ ನಾನು ಗಾಡಿಯಡಿಗೆ ನುಸುಳಿ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಕಪ್ಪು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಅಂಚು ಮೆತ್ತಗಾಗಿ ಮಡಚಿಹೋಗಿತ್ತು. ಕೈಗೆ ಸೀಮೆಎಣ್ಣೆಯ ವಾಸನೆ ಹತ್ತಿತು. ಆಗಲೇ ಆ ಕಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ಒಳಗೆ ಹೋಗಿ "ಧನಿಗಳೇ, ತಪ್ಪು ನನ್ನದು" ಎನ್ನಬಹುದಿತ್ತು. ಹತ್ತು ಹೆಜ್ಜೆ ದೂರ. ನಾನು ಅದನ್ನು ಜೇಬಿಗೆ ಹಾಕಿಕೊಂಡು ಹೊಸದನ್ನು ಕೂರಿಸಿದೆ.

ಪೆಟ್ಟು ಬಿದ್ದ ಪೈಪಿಗೆ ಗಾಳಿ ಹೊಕ್ಕಿದೆ, ತೆಗೆಯಬೇಕು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಪೆಡಲ್ ಒತ್ತಲು ಒಬ್ಬರು ಬೇಕು. ಹಣೆಗೆ ಬಟ್ಟೆ ಕಟ್ಟಿಕೊಂಡು ಐತಪ್ಪನೇ ಬಂದು ಕೂತ.

"ಒತ್ತು... ಹಿಡಿ... ಬಿಡು."

ನಾಲ್ಕು ಚಕ್ರ ಮುಗಿಯುವಾಗ ಪೆಡಲ್ ಗಟ್ಟಿಯಾಯಿತು. ಅರಿಗರು ಹತ್ತಿರ ಬಂದು, "ಹೇಗುಂಟು ಐತಪ್ಪ?" ಎಂದು ಕೇಳಿದರು. ಅವನು ಮತ್ತೆ ಒತ್ತಿದ. ಇನ್ನೊಮ್ಮೆ ಒತ್ತಿದ. "ಈಗ ಹಿಡೀತದೆ ಧನಿಗಳೇ" ಎಂದ. ಆಮೇಲೆ ತಲೆ ಬಗ್ಗಿಸಿ ತನ್ನ ಕಾಲನ್ನು ನೋಡಿಕೊಂಡ. ಚಕ್ರದ ಸಂದಿಯಿಂದ ನನಗೆ ಅದು ಕಾಣುತ್ತಿತ್ತು.

"ಹಾಗಾದರೆ ಆಗ ಯಾಕೆ ಹಿಡೀಲಿಲ್ಲ?" ಅರಿಗರು ನನ್ನನ್ನು ಕೇಳಿದರು.

"ಅದನ್ನು ನಾನು ಹೇಗೆ ಹೇಳ್ಲಿ ಧನಿಗಳೇ? ಓಡಿಸಿದವನಿಗೆ ಗೊತ್ತು" ಎಂದೆ.

ನಮ್ಮ ಕಡೆ ಇಂಥ ತಕರಾರಿಗೆ ಪೊಲೀಸು, ಕೋರ್ಟು ಎಂದು ಹೋಗುವವರು ಕಡಿಮೆ. ಮನೆಯ ಚಾವಡಿಯಲ್ಲಿ ಮನೆತನ ಕಾಯುವ ದೈವದ ಮಂಚ ಇರುತ್ತದೆ. ಅದರ ಎದುರು ದೀಪ ಹಚ್ಚಿ, ನಾಲ್ಕು ಹಿರಿಯರನ್ನು ಕೂರಿಸಿ, ಎರಡೂ ಕಡೆಯವರಿಂದ ಮಾತು ಕೇಳುವುದು. ಅಲ್ಲಿ ಆಡಿದ ಮಾತಿಗೆ ಮೇಲೆ ಮಾತಿಲ್ಲ. ಮರುದಿನ ಬೆಳಗ್ಗೆ ಅರಿಗರು ಹಾಗೆಯೇ ಮಾಡಿದರು.

ಐತಪ್ಪ ದೀಪದ ಎದುರು ನಿಂತು ಹೇಳಿದ, "ನಾನು ಬ್ರೇಕ್ ಒತ್ತಿದ್ದೇನೆ. ಅದು ಹಿಡೀಲಿಲ್ಲ. ಇದು ಸತ್ಯ." ಇಷ್ಟೇ.

ಆಮೇಲೆ ನನ್ನ ಸರದಿ. ದೈವದ ಎದುರು ಸುಳ್ಳಾಡುವ ಧೈರ್ಯ ನನಗಿರಲಿಲ್ಲ. ಅದಕ್ಕೇ ನಿಜವನ್ನೇ ಹೇಳಿದೆ. ನಡುಗದ ಸ್ವರದಲ್ಲಿ ಹೇಳಿದೆ, "ಈ ಬ್ರೇಕಿನ ಒಂದೊಂದು ಸಾಮಾನನ್ನೂ ನನ್ನ ಕೈಯಾರೆ ತೊಳೆದು ಹಾಕಿದ್ದೇನೆ. ಒಂದು ನಟ್ಟು ಕೂಡ ಸಡಿಲು ಬಿಡ್ಲಿಲ್ಲ. ದೈವ ನೋಡ್ತಾ ಉಂಟು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತೊಳೆದದ್ದೇ ತಪ್ಪು ಎಂದು ಅಲ್ಲಿ ಕೂತ ಯಾರಿಗೂ ತಿಳಿಯುವಂತಿರಲಿಲ್ಲ. ಸುಳ್ಳು ಹೇಳುವವನು ಒಬ್ಬರಿಗೆ ಮೋಸ ಮಾಡುತ್ತಾನೆ. ನಾನು ಆ ದಿನ ಜನರಿಗೂ ದೈವಕ್ಕೂ ಒಟ್ಟಿಗೇ ಮೋಸ ಮಾಡಲು ನೋಡಿದೆ. ಥೂ!

ಹಿರಿಯರು ಗುಸುಗುಸು ಮಾತಾಡಿದರು. ದೀಪದ ಎದುರು ಇಬ್ಬರೂ ಸುಳ್ಳು ಹೇಳಲಿಕ್ಕಿಲ್ಲ ಎಂದರು. ಆಮೇಲೆ ಅವರಲ್ಲಿ ಒಬ್ಬರು, ಬಹಳ ಮರ್ಯಾದಸ್ಥರು, ಐತಪ್ಪನ ಮೇಲೆ ಕನಿಕರದಿಂದಲೇ ಹೇಳಿದರು. "ಅವ ಸುಳ್ಳು ಹೇಳುದಲ್ಲ. ಹೆದರಿಕೆಯಲ್ಲಿ ಕ್ಲಚ್ಚನ್ನು ಒತ್ತಿರ್ತಾನೆ, ಬ್ರೇಕ್ ಅಂತ ಗ್ರಹಿಸಿರ್ತಾನೆ. ಪಾಪ, ಕಾಲು ತಪ್ಪಿದ್ದು. ಬೇಕಂತ ಮಾಡಿದ್ದಲ್ಲ."

ಎಲ್ಲರಿಗೂ ಅದು ಸರಿಯೆನಿಸಿತು. ಅರಿಗರು ಕೆಟ್ಟವರಲ್ಲ, ಬೈಯಲಿಲ್ಲ. ಕಾಲು ತಪ್ಪುವವನ ಕೈಗೆ ಗಾಡಿ ಕೊಡಲಿಕ್ಕಾಗದು, ತೋಟದ ಕೆಲಸಕ್ಕೆ ಬಾ ಎಂದರು. ಐತಪ್ಪ ಬಾಯಿ ತೆರೆದ, ನನ್ನ ಮುಖ ನೋಡಿದ. ನಾನು ದೀಪ ನೋಡುತ್ತಿದ್ದೆ. ಅವನು ಗಾಡಿಯ ಕೀಲಿಕೈಯನ್ನು ಚಾವಡಿಯ ಜಗಲಿಯಲ್ಲಿಟ್ಟು ಇಳಿದು ಹೋದ. ತೋಟಕ್ಕೆ ಅವನು ಬರಲಿಲ್ಲ ಎಂದು ಆಮೇಲೆ ಕೇಳಿದೆ.

ಪೊರ್ಬುಗಳು ಜ್ವರದಿಂದ ಎದ್ದ ದಿನವೇ ನನ್ನನ್ನು ಮನೆಗೆ ಕರೆದರು. ಕಪಾಟು ತೆರೆದು ಸ್ಪಿರಿಟಿನ ಬಾಟ್ಲಿಯನ್ನು ಬೆಳಕಿಗೆ ಹಿಡಿದರು.

"ವಾಸು, ನಾನು ಮದುವೆಗೆ ಹೋಗುವಾಗ ಇದು ಎಷ್ಟಿತ್ತೋ ಈಗಲೂ ಅಷ್ಟೇ ಉಂಟು."

ಬಾಟ್ಲಿಯನ್ನು ಒಳಗಿಟ್ಟು ನನ್ನ ಕಡೆ ಕೈ ಚಾಚಿದರು.

"ಕಪ್ಪು ಎಲ್ಲಿ?"

ಜೇಬಿನಿಂದ ತೆಗೆದು ಕೊಟ್ಟೆ. ಅದನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಚಾವಡಿಯಲ್ಲಿ ಮಾತಾಡಿ ಆಯ್ತಲ್ಲ. ಇನ್ನು ಹೇಳಿದರೆ ಈ ವರ್ಕ್‌ಶಾಪಿಗೆ ಯಾರು ಬರ್ತಾರೆ? ಆರು ಮನೆಯ ಒಲೆ ಇದರಲ್ಲಿ ಉರೀತದೆ" ಎಂದು ಕುರ್ಚಿಯಲ್ಲಿ ಕೂತರು. ಕಪ್ಪನ್ನು ಬಾಯಮ್ಮನ ಒಲೆಗೆ ಹಾಕಿದರು. ಆ ನಂತರ ಅವರು ನನಗೆ ಬ್ರೇಕಿನ ಕೆಲಸ ಕೊಟ್ಟಾಗೆಲ್ಲ ಪಕ್ಕದಲ್ಲಿ ನಿಂತಿರುತ್ತಿದ್ದರು. ಅವರು ಹೇಳಿದ್ದಕ್ಕೆ ನಾನು ಬಾಯಿ ಮುಚ್ಚಿಕೊಂಡೆ ಎಂದು ಹೇಳಲಾರೆ. ಅವರು ಹೇಳದಿದ್ದರೂ ಮುಚ್ಚಿಕೊಳ್ಳುತ್ತಿದ್ದೆ.

ಮುಂದೆ ನಾನು ಬಸ್ಸಿನ ಕಂಪೆನಿಗೆ ಸೇರಿದೆ. ಬ್ರೇಕಿನ ವಿಷಯದಲ್ಲಿ ವಾಸು ಮೇಸ್ತ್ರಿಯಷ್ಟು ಕಟ್ಟುನಿಟ್ಟಿನವರು ಇಲ್ಲವೆಂದು ಹೆಸರಾಯಿತು. ರಬ್ಬರಿನ ಹತ್ತಿರ ಸೀಮೆಎಣ್ಣೆಯ ಡಬ್ಬಿ ಕಂಡರೆ ಒದೆಯುತ್ತಿದ್ದೆ. ಡ್ರೈವರು ಬಂದು "ಎಂತದೋ ಸರಿ ಇಲ್ಲ" ಎಂದರೆ, ಇಡೀ ಬಸ್ಸು ಬಿಚ್ಚಿಸಿಯಾದರೂ ನೋಡುತ್ತಿದ್ದೆ. ಹೊಗಳುವವರಿಗೆ ಅದರ ಬೇರು ಗೊತ್ತಿರಲಿಲ್ಲ.

ಅರುವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡುಬಿದಿರೆಯಲ್ಲಿ ನಮ್ಮ ಬಸ್ಸೊಂದು ಕೆಟ್ಟು ನಿಂತಿತೆಂದು ಹೋಗಿದ್ದೆ. ಎದುರಿನ ಅಕ್ಕಿ ಮಿಲ್ಲಿನ ಜಗಲಿಯಲ್ಲಿ ಒಬ್ಬ ಕೂತು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. "ವಾಸು ಮೇಸ್ತ್ರಿಗಳಲ್ವಾ?" ಎಂದು ಎದ್ದು ಬಂದ. ಹಣೆಯ ಗಾಯದ ಕಲೆಯಿಂದ ಗುರುತು ಸಿಕ್ಕಿತು. ಐತಪ್ಪ. ಮುಖದಲ್ಲಿ ಕೋಪದ ಸುಳಿವೇ ಇಲ್ಲ. "ಮನೆ ಇಲ್ಲೇ ಹತ್ತಿರ, ಬನ್ನಿ, ಒಂದು ಲೋಟ ಬೆಲ್ಲ ನೀರಾದರೂ ಕುಡಿದು ಹೋಗುವ" ಎಂದು ಕೈ ಹಿಡಿದ. ಬಿಡಿಸಿಕೊಳ್ಳಲಾಗಲಿಲ್ಲ.

ದಾರಿಯಲ್ಲಿ ಒಂದು ತೋಡು. ಅದಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ನನ್ನನ್ನು ಸಂಕದ ಮೇಲೆ ಹೋಗಲು ಹೇಳಿ, ಅವನು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದ.

"ಯಾಕೆ ಐತಪ್ಪ, ಸಂಕ ಗಟ್ಟಿ ಉಂಟಲ್ಲ?"

"ನನ್ನ ಕಾಲನ್ನು ನಂಬ್ಲಿಕ್ಕಾಗುದಿಲ್ಲ ಮೇಸ್ತ್ರಿಗಳೇ" ಎಂದು ನಗುತ್ತಾ ಹೇಳಿದ.

ಮನೆಯಲ್ಲಿ ಅವನ ಹೆಂಡತಿ ಕಮಲ ಚಾಪೆ ಹಾಸಿದಳು. ಹತ್ತು ವರ್ಷದ ಮಗಳೊಬ್ಬಳು ಇಣುಕಿ ನೋಡಿ ಹೋದಳು. ಐತಪ್ಪನೇ ಮಾತು ತೆಗೆದ. "ಮೊದಮೊದಲು ನನಗೆ ನಿಮ್ಮ ಮೇಲೆ ಸಂಶಯ ಇತ್ತು. ದೇವರಾಣೆ ಇತ್ತು. ಆದರೆ ನೀವು ದೀಪದ ಎದುರು ಅಷ್ಟು ಗಟ್ಟಿಯಾಗಿ ಹೇಳಿದಿರಲ್ಲ. ಅರಿಗರ ಅಂಗಳದಲ್ಲಿ ಪೆಡಲ್ ಒತ್ತಿದಾಗಲೂ ಗಟ್ಟಿ ಇತ್ತು. ಮತ್ತೆ ಎಷ್ಟು ಯೋಚನೆ ಮಾಡಿದರೂ ಒಂದೇ, ನನ್ನ ಕಾಲೇ ತಪ್ಪಿದ್ದು. ನನಗೆ ಮಾತ್ರ ಬ್ರೇಕ್ ಒತ್ತಿದ ಹಾಗೆಯೇ ನೆನಪು. ನೆನಪೂ ಸುಳ್ಳು ಹೇಳ್ತದೆ ನೋಡಿ."

ಕಮಲ ಒಳಗಿನಿಂದ ಹೇಳಿದಳು, "ಇವರದ್ದು ಎಂಥ ಹಟ ಗೊತ್ತುಂಟಾ? ಮಗಳನ್ನು ಎತ್ತಿಕೊಂಡು ಒಂದು ದಿನ ಆ ಸಂಕ ದಾಟ್ಲಿಲ್ಲ. ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದರೂ ನಾನೇ ಎತ್ತಿಕೊಂಡು ಹೋಗ್ಬೇಕು. ಇವರು ಆಚೆ ದಡದಲ್ಲಿ ನಿಂತು ನಡುಗುದು."

ಕೊಟ್ಟ ನೀರಿನ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಸೀಮೆಎಣ್ಣೆ, ಉಬ್ಬಿದ ಕಪ್ಪು, ಜೇಬಿಗೆ ಹಾಕಿಕೊಂಡದ್ದು, ಹೊಸದನ್ನು ಕೂರಿಸಿ ಅವನನ್ನೇ ಒತ್ತಲು ಕರೆದದ್ದು. ಹೇಳಿ ಮುಗಿಸಿ ತಲೆ ಎತ್ತಲಿಲ್ಲ.

ಐತಪ್ಪ ಕೇಳಿದ, "ಹಾಗಾದರೆ ನಾನು ಒತ್ತಿದ್ದು ಬ್ರೇಕನ್ನೇ ಅಲ್ವಾ?"

"ಹೌದು."

"ಬ್ರೇಕನ್ನೇ?"

"ಬ್ರೇಕನ್ನೇ ಐತಪ್ಪ."

ಅವನು ಎರಡೂ ಕೈಯಿಂದ ತನ್ನ ಬಲಗಾಲನ್ನು ಹಿಡಿದುಕೊಂಡು, ಸಣ್ಣ ಮಕ್ಕಳ ಹಾಗೆ ಅತ್ತ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದದ್ದು ಕಮಲ. ಬಾಗಿಲಿಗೆ ಬಂದು ನಿಂತು ಹೇಳಿದಳು, "ನಮ್ಮ ಮನೆಯ ಒಳಗೆ ಹೇಳಿ ಎಂತ ಪ್ರಯೋಜನ ಮೇಸ್ತ್ರಿಗಳೇ? ಊರವರ ಎದುರು ಇವರ ಮರ್ಯಾದೆ ತೆಗೆದಿರಿ. ಊರವರ ಎದುರೇ ಹೇಳಿ ಬನ್ನಿ. ಆಮೇಲೆ ಈ ಮನೆಗೆ ಬಂದು ನೀರು ಕುಡೀರಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹೋದದ್ದು ನನ್ನ ಮಾನವಾಗಿದ್ದರೆ ಗಾದೆ ಸಾಕಿತ್ತು. ಹೋದದ್ದು ಅವನದು.

ಮುಂದಿನ ಆದಿತ್ಯವಾರ ನಾರಾವಿಗೆ ಹೋದೆ. ಹೇಳಿಯೇ ಬರುತ್ತೇನೆಂದು ಹೊರಟವನು. ಅರಿಗರು ತೀರಿಕೊಂಡಿದ್ದರು. ಅವರ ಮಗ ಜಗಲಿಯಲ್ಲಿ ಕೂರಿಸಿ ಆದರದಿಂದ ಮಾತಾಡಿಸಿದರು. "ಆ ಪಿಕಪ್ಪಿನ ವಿಷಯ..." ಎಂದು ಶುರು ಮಾಡಿದೆ. "ಅಯ್ಯೋ, ಅದು ಯಾವ ಕಾಲದ ಮಾತು ಮೇಸ್ತ್ರಿಗಳೇ! ಗುಜರಿಗೆ ಹೋಗಿ ಎಷ್ಟೋ ವರ್ಷ ಆಯ್ತು. ಕಾಫಿ ತೆಗೊಳ್ಳಿ" ಎಂದರು. ಆ ಚಾವಡಿಯಲ್ಲಿ ಅಂದು ಕೂತಿದ್ದ ಹಿರಿಯರೊಬ್ಬರೂ ಅಲ್ಲೇ ಇದ್ದರು. "ಇವರ ಕೈ ಅಂದರೆ ಕೈ" ಎಂದು ನನ್ನನ್ನು ತೋರಿಸಿ ಹೇಳಿದರು. ನಾನು ಕಾಫಿ ಕುಡಿದೆ. ಸಕ್ಕರೆ ಸರಿ ಉಂಟಾ ಎಂದು ಕೇಳಿದ್ದಕ್ಕೆ ಸರಿ ಉಂಟು ಎಂದೆ. ಎದ್ದು ಕೈಮುಗಿದು ಬಂದೆ.

ಐತಪ್ಪನ ಮನೆಗೆ ಮತ್ತೆ ಹೋಗಲಿಲ್ಲ. ಮೂಡುಬಿದಿರೆಯಲ್ಲಿ ಬಸ್ಸು ಕೆಟ್ಟರೆ ಬೇರೆಯವರನ್ನು ಕಳಿಸುತ್ತಿದ್ದೆ. ಅವನು ತೀರಿಹೋದ ಸುದ್ದಿ ಬಂದಾಗಲೂ ಹೋಗಲಿಲ್ಲ. ಕಮಲಳ ಎದುರು ನಿಲ್ಲುವ ಮುಖ ನನಗಿರಲಿಲ್ಲ.

ನೀವು ಕೆಲಸ ಕಲಿಯುವವರು ಇದರಿಂದ ರಬ್ಬರು ತೊಳೆಯುವ ಕ್ರಮ ಕಲಿತರೆ ಸಾಲದು. ಗಾಡಿ ಸರಿ ಇಲ್ಲ ಎಂದು ಓಡಿಸುವವನು ಹೇಳಿದರೆ ಮೊದಲು ನಿಮ್ಮ ಕೈಯನ್ನು ಸಂಶಯಪಡಿ, ಅವನ ಕಾಲನ್ನಲ್ಲ. ತಪ್ಪಾದರೆ ಆ ದಿನವೇ ಹೇಳಿ. ಹತ್ತು ಹೆಜ್ಜೆಯ ದೂರದಲ್ಲಿ ಹೇಳದವನು ಹತ್ತು ವರ್ಷದ ಮೇಲೆ ಹೇಳಲಾರ. ನನಗೆ ಆಗಲಿಲ್ಲ.

ಇನ್ನು ನಾರಾವಿಯ ಕಡೆಯವರು, ಆ ದಿನ ಚಾವಡಿಯಲ್ಲಿ ಕೂತವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ಮಾತನ್ನು ತೆಗೆದುಹಾಕಿ ಇದನ್ನು ಇಟ್ಟುಕೊಳ್ಳಿ. ಬ್ರೇಕ್ ಕೆಡಿಸಿದ್ದು ನಾನು. ಐತಪ್ಪನ ಕಾಲು ತಪ್ಪಿರಲಿಲ್ಲ.